ಔಷಧಿ ಹೊಡೆಯದ ಮೂರು ಸಾಲು

ಮರಗಳಿಗೆ ಹೇಳಿಕೊಳ್ಳುವಂಥ ರೋಗವೇನೂ ಇರಲಿಲ್ಲ. ತೊಂದರೆಯಿದ್ದದ್ದು ಅವು ಕಾಯಿ ಬಿಡುವ ಕಾಲದಲ್ಲಿ. ಮಳೆ ಹಿಡಿದ ಕೂಡಲೇ ಮೈತುಂಬ ಹೂ ಬಿಟ್ಟು, ಚಳಿಗಾಲದಲ್ಲಿ, ಯಾರಿಗೂ ನಿಂಬೆಹಣ್ಣು ಬೇಡವಾದ ಹೊತ್ತಿನಲ್ಲಿ, ಬುಟ್ಟಿಗಟ್ಟಲೆ ಹಣ್ಣು ಕೊಡುತ್ತಿದ್ದವು. ಬೇಸಿಗೆಯಲ್ಲಿ ಶಿವಮೊಗ್ಗದ ಮಾರ್ಕೆಟ್ಟಿನಲ್ಲಿ ಜನ ನಿಂಬೆಹಣ್ಣಿಗೆ ಮುಗಿಬೀಳುವಾಗ ಇಡೀ ತೋಟ ಹುಡುಕಿದರೂ ಮನೆಯ ಪಾನಕಕ್ಕೆ ಆಗುವಷ್ಟು ಮಾತ್ರ ಸಿಗುತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಶಿವಮೊಗ್ಗದ ಆಲ್ಕೊಳದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ದಿನಾ ಬಸ್ಸಿನಲ್ಲಿ ಭದ್ರಾವತಿಯ ತೋಟಗಾರಿಕೆ ಕಚೇರಿಗೆ ಹೋಗಿ ಬರುತ್ತಿದ್ದೆ. ಗಿಡದೊಳಗೆ ತಾನಾಗಿಯೇ ಇರುವಂಥ ಚೋದಕಗಳನ್ನು ಹೊರಗಿನಿಂದ ಸಿಂಪಡಿಸಿ, ನಿಂಬೆ ಹೂ ಬಿಡುವ ಕಾಲವನ್ನೇ ಬದಲಾಯಿಸಬಹುದು. ಇವುಗಳಿಗೆ ಬೆಳವಣಿಗೆ ನಿಯಂತ್ರಕಗಳೆಂದು ಹೆಸರು. ಇದನ್ನು ಒಂದು ತೋಟದಲ್ಲಾದರೂ ಮಾಡಿ ತೋರಿಸಬೇಕೆಂದು ಮೇಲಿನಿಂದ ಸೂಚನೆ ಬಂದಾಗ ಆ ಕೆಲಸ ನನ್ನ ಪಾಲಿಗೆ ಬಿತ್ತು. ನಾನು ಕೇಳಿದ ಬೆಳೆಗಾರರೆಲ್ಲ ನಯವಾಗಿ ಜಾರಿಕೊಂಡರು. ಬರುವ ಹೂವನ್ನು ನಿಲ್ಲಿಸುವ ಔಷಧಿಯನ್ನು ತನ್ನ ಮರಕ್ಕೆ ಯಾರು ಹೊಡೆಸುತ್ತಾರೆ? ಒಪ್ಪಿದವರು ಒಬ್ಬರೇ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದ ಟೀಚರ್ ಅವರು. ಯಾರಿಂದಲೋ ಸುದ್ದಿ ಕೇಳಿ ತಾವೇ ಕಚೇರಿಗೆ ಬಂದಿದ್ದರು.

ಟೀಚರ್ ಮದುವೆಯಾಗಿರಲಿಲ್ಲ. ಭದ್ರಾವತಿಯಿಂದ ಸ್ವಲ್ಪ ದೂರದಲ್ಲಿ, ನಾಲೆಯ ನೀರು ಹತ್ತದ ಏರಿನಲ್ಲಿ ಅವರ ತಂದೆಯ ಕಾಲದ ಜಮೀನಿತ್ತು. ಅಕ್ಕ ತಮ್ಮ ಇಬ್ಬರ ಹೆಸರಿನಲ್ಲಿದ್ದ ಆ ಜಮೀನಿನಲ್ಲಿ ಟೀಚರ್ ಕೆಲಸದಲ್ಲಿದ್ದಾಗಲೇ, ಭಾನುವಾರಗಳಂದು ಹೋಗಿ ನಿಂತು ನಿಂಬೆ ಹಾಕಿಸಿದ್ದರು. ತಮ್ಮನಿಗೆ ಶಿವಮೊಗ್ಗದ ಕೋಟೆಯ ಹತ್ತಿರ ಹಾರ್ಡ್‌ವೇರ್ ಅಂಗಡಿ. ತೋಟದಲ್ಲಿ ಕೊರೆಸಿದ ಬೋರಿನಲ್ಲಿ ಒಳ್ಳೆಯ ನೀರು ಬಿದ್ದ ಮೇಲೆ ಅವರಿಗೆ ನಿಂಬೆಯೆಲ್ಲ ತೆಗೆಸಿ ಅಡಿಕೆ ಹಾಕಬೇಕೆಂಬ ಯೋಚನೆ ಬಂದಿತ್ತು. ಸುತ್ತಲಿನವರೆಲ್ಲ ಅದನ್ನೇ ಮಾಡುತ್ತಿದ್ದರು. ಟೀಚರ್ ಒಪ್ಪಿರಲಿಲ್ಲ. ಕೊನೆಗೆ ಇಬ್ಬರ ನಡುವೆ ಒಂದು ಮಾತಾಗಿತ್ತು. ಮುಂದಿನ ಬೇಸಿಗೆಯಲ್ಲಿ ಈ ಮರಗಳು ಕಾಯಿ ಹಿಡಿದು ತೋರಿಸಿದರೆ ಉಳಿಯುತ್ತವೆ, ಇಲ್ಲದಿದ್ದರೆ ಮಳೆಗಾಲಕ್ಕೆ ಮೊದಲು ಹೋಗುತ್ತವೆ.

ನಾನು ಮೊದಲ ಸಲ ತೋಟಕ್ಕೆ ಹೋದ ದಿನ ತಮ್ಮನೂ ಬಂದಿದ್ದರು. ಪ್ರಯೋಗ ಎಂದ ಮೇಲೆ ಸ್ವಲ್ಪ ಮರಗಳನ್ನು ಔಷಧಿ ಕೊಡದೆ ಹಾಗೇ ಬಿಡಬೇಕಾಗುತ್ತದೆ, ಹೋಲಿಸಿ ನೋಡಲು, ಎಂದು ವಿವರಿಸಿದೆ. ನೀರು, ಗೊಬ್ಬರ ಎಲ್ಲ ಅವಕ್ಕೂ ಒಂದೇ ಸಮ. ಅಷ್ಟು ಕೇಳಿದ್ದೇ ಅವರು ಎದ್ದು ನಡೆದು ಕೆಳಗಿನ ಮೂರು ಸಾಲು ತೋರಿಸಿದರು. ಬೋರಿನ ಪಕ್ಕದ ಸಾಲುಗಳವು. ಮೇಲೆಲ್ಲ ಜಲ್ಲಿ ಬೆರೆತ ಕೆಂಪು ಮಣ್ಣು, ಅಲ್ಲಿ ಮಾತ್ರ ಮಳೆನೀರು ತಂದು ಹಾಕಿದ ಮೆತ್ತನೆಯ ಮಣ್ಣು. ತೋಟದಲ್ಲೇ ಚೆನ್ನಾಗಿದ್ದ ಮರಗಳು.

“ಇವನ್ನ ಹಾಗೇ ಬಿಡಿ ಮೇಡಂ. ಇವಕ್ಕಿಂತ ನಿಮ್ಮ ಔಷಧಿ ಮರ ಜಾಸ್ತಿ ಕಾಯಿ ಹಿಡಿದ್ರೆ ನಾನು ಬಾಯಿ ಮುಚ್ಕೊಂಡು ಅಂಗಡೀಲಿ ಕೂತ್ಕೋತೀನಿ” ಎಂದರು.

ನನಗೆ ಹಿಂಜರಿಕೆಯಾಯಿತು. ಒಳ್ಳೆಯ ಮಣ್ಣಿನ ಮರಗಳೇ ಹೋಲಿಕೆಗೆ ನಿಂತರೆ ಔಷಧಿಯ ಗುಣ ಇದ್ದದ್ದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಆದರೆ ಟೀಚರ್ ಆಗಲಿ ಎಂದುಬಿಟ್ಟರು. ಸೋತರೂ ಗೆದ್ದರೂ ತಮ್ಮನಿಗೆ ಆಮೇಲೆ ಮಾತಾಡಲು ಜಾಗ ಇರಬಾರದು ಎಂಬುದು ಅವರ ಲೆಕ್ಕ.

ಮೊದಲ ಸಿಂಪಡಣೆ ಜೂನ್ ತಿಂಗಳಲ್ಲಿ, ಜಿಬ್ಬರೆಲಿಕ್ ಆಮ್ಲದ್ದು. ಇದು ಮರವನ್ನು ಚಿಗುರಿನ ಕಡೆ ತಿರುಗಿಸಿ ಮಳೆಗಾಲದ ಹೂವನ್ನು ತಡೆಯುತ್ತದೆ. ಸಣ್ಣ ಪೊಟ್ಟಣದಲ್ಲಿ ಬರುವ ಬಿಳಿ ಪುಡಿ. ಒಂದು ಗ್ರಾಂ ಇಪ್ಪತ್ತು ಲೀಟರ್ ನೀರಿಗೆ ಸಾಕು, ಆದರೆ ನೇರವಾಗಿ ನೀರಿಗೆ ಹಾಕಿದರೆ ಕರಗದೆ ಮೇಲೆ ತೇಲುತ್ತದೆ. ಮೊದಲು ಸ್ಪಿರಿಟ್ಟಿನಲ್ಲಿ ಕರಗಿಸಿಕೊಳ್ಳಬೇಕು. ಮೆಡಿಕಲ್ ಶಾಪಿನಿಂದ ತಂದ ಸ್ಪಿರಿಟ್ಟನ್ನು ಟೀಚರ್ ಗಾಜಿನ ಲೋಟಕ್ಕೆ ಬಗ್ಗಿಸಿ, ಪುಡಿ ಉದುರಿಸಿ, ಕಡ್ಡಿಯಿಂದ ತಿರುವುತ್ತ ನಿಂತರೆ ಪಕ್ಕಾ ಪ್ರಯೋಗಶಾಲೆಯ ಹಾಗೇ ಇರುತ್ತಿತ್ತು. ಪುಡಿ ಕರಗಿ ತಿಳಿಯಾದ ಮೇಲೆ ಡ್ರಮ್ಮಿನ ನೀರಿಗೆ ಸೇರಿಸಿ, ಎಲೆಗೆ ಹತ್ತಲೆಂದು ಅಂಟುದ್ರವ ಹಾಕಿ, ಕಾಲಲ್ಲಿ ತುಳಿಯುವ ಪಂಪಿನಿಂದ ಹೊಡೆಸಿದೆವು. ಹೊಡೆಯುವವನು ಒಬ್ಬ ತಮಿಳು ಮಾತಿನ ಆಳು. ಭದ್ರಾವತಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ನಿಂತ ಮೇಲೆ ಊರೂರು ಸುತ್ತಿ ಔಷಧಿ ಹೊಡೆಯುತ್ತಿದ್ದ.

ಅರ್ಧ ತೋಟ ಮುಗಿಯುವಷ್ಟರಲ್ಲಿ ಆರಿದ್ರಾ ಮಳೆ ಬಂತು. ಹೊಡೆದದ್ದೆಲ್ಲ ಎಲೆಯಿಂದ ಇಳಿದು ನೆಲ ಸೇರಿತು. ಔಷಧಿ ಎಲೆಯೊಳಗೆ ಇಳಿಯಲು ಕೆಲವು ಗಂಟೆಗಳಾದರೂ ಒಣ ಹೊತ್ತು ಬೇಕು, ಆ ತಿಂಗಳಲ್ಲಿ ಸಿಗದಿರುವುದೇ ಅದು. ಆಮೇಲೆ ಒಂದು ವಾರ ನಾವು ಆಕಾಶ ನೋಡಿದ್ದೇ ಕೆಲಸ. ಬೆಳಿಗ್ಗೆ ಆಲ್ಕೊಳ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗ ಬಿಸಿಲು ಕಂಡರೆ ಭದ್ರಾವತಿ ಮುಟ್ಟುವಷ್ಟರಲ್ಲಿ ಮೋಡ ಕವಿಯುತ್ತಿತ್ತು. ಕೊನೆಗೆ ಒಂದು ದಿನ ಮಧ್ಯಾಹ್ನದವರೆಗೆ ಬಿಡುವು ಸಿಕ್ಕಿ ಕೆಲಸ ಮುಗಿಯಿತು.

ಜುಲೈ ತಿಂಗಳಲ್ಲಿ ನಾನು ನಿರೀಕ್ಷಿಸಿದ್ದೇ ಆಯಿತು. ಆದರೂ ನೋಡುವುದು ಸುಲಭವಿರಲಿಲ್ಲ. ಕೆಳಗಿನ ಮೂರು ಸಾಲು ಎಂದಿನಂತೆ ಹೂವಿನಿಂದ ಬೆಳ್ಳಗಾದವು, ಜೇನು ಗುಂಯ್ಗುಡುತ್ತಿದ್ದವು. ಮೇಲಿನ ಮರಗಳಲ್ಲಿ ಬರೀ ಚಿಗುರು. ಅಲ್ಲೊಂದು ಇಲ್ಲೊಂದು ಹೂವು ಬಿಟ್ಟರೆ ಹಸಿರೋ ಹಸಿರು. ತಮ್ಮ ಬಂದು ನೋಡಿ ನಕ್ಕರು. ಟೀಚರ್ ಆ ದಿನ ನನ್ನನ್ನು ಬಿಟ್ಟು ಒಬ್ಬರೇ ಸಾಲು ಸಾಲು ನೋಡುತ್ತ ಹೋದರು. ಔಷಧಿ ಕೆಲಸ ಮಾಡಿದೆ ಎಂಬುದಕ್ಕೆ ಹೂವಿಲ್ಲದಿರುವುದೇ ಸಾಕ್ಷಿ ಎಂದು ನಾನು ಹೇಳಿದ್ದು ನನ್ನ ಕಿವಿಗೇ ಅಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ.

ಸೆಪ್ಟೆಂಬರಿನಲ್ಲಿ ಕೆಲಸ ಅದಲುಬದಲು. ಈಗ ಚಿಗುರಿಗೆ ತಡೆ ಹಾಕಿ ಹೂವನ್ನು ಕರೆಯಬೇಕು. ಬಯಲುಸೀಮೆಯಲ್ಲಾದರೆ ನೀರು ನಿಲ್ಲಿಸಿ ಮರವನ್ನು ಬಾಡಿಸಿ, ಮತ್ತೆ ನೀರು ಕೊಟ್ಟರೆ ಹೂ ಬರುತ್ತದೆ. ನಮ್ಮಲ್ಲಿ ಆ ತಿಂಗಳು ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ನಾವು ನೀರು ನಿಲ್ಲಿಸಿದರೂ ಮೋಡ ನಿಲ್ಲಿಸುವುದಿಲ್ಲ. ಅದಕ್ಕೇ ಕ್ಲೋರ್‌ಮೆಕ್ವಾಟ್ ಎಂಬ ಇನ್ನೊಂದು ನಿಯಂತ್ರಕ. ಬೆಳವಣಿಗೆಯನ್ನು ಹಿಡಿದು ನಿಲ್ಲಿಸುವುದು ಅದರ ಕೆಲಸ. ಲೀಟರಿಗೆ ಎರಡು ಮಿಲಿ.

ಆ ದಿನ ಡ್ರಮ್ಮಿನಲ್ಲಿ ನೀರು ತುಂಬಿಸಿ, ಔಷಧಿ ಅಳೆಯುವ ಮೊದಲು ಪಂಪಿನ ಹೋಸಿನಿಂದ ಸ್ವಲ್ಪ ನೀರು ಬಿಡಿಸಿ ನೋಡಿದೆ. ಆಸ್ಪತ್ರೆಯ ನೆಲ ಒರೆಸುವ ದ್ರಾವಣದಂಥ ವಾಸನೆ ಬಂತು. ಈ ನಡುವೆ ಪಂಪು ಎಲ್ಲಿಗೆ ಹೋಗಿತ್ತು ಎಂದು ಆಳನ್ನು ಕೇಳಿದೆ. ನಾಲೆಯ ಕೆಳಗಿನ ಗದ್ದೆಗಳಲ್ಲಿ ಕಳೆ ಔಷಧಿ ಹೊಡೆದು ಬಂದೆ, ಆದರೆ ಎರಡು ಸಲ ತೊಳೆದಿದ್ದೇನೆ ಎಂದ. ಗದ್ದೆಯ ಕಳೆಗೆ ಹೊಡೆಯುವುದು ಹೆಚ್ಚಾಗಿ ಟು-ಫೋರ್-ಡಿ. ಅದೂ ಒಂದು ಬೆಳವಣಿಗೆ ನಿಯಂತ್ರಕವೇ. ಕಡಿಮೆ ಪ್ರಮಾಣದಲ್ಲಿ ನಿಂಬೆಯ ಕಾಯಿ ಉದುರುವುದನ್ನು ತಡೆಯಲು ಬಳಸುವವರಿದ್ದಾರೆ. ಪ್ರಮಾಣ ತಪ್ಪಿದರೆ ಎಳೆ ಎಲೆಗಳೆಲ್ಲ ಮುರುಟಿ ಸುರುಳಿ ಸುತ್ತುತ್ತವೆ. ಹೋಸಿನ ರಬ್ಬರು ಅದನ್ನು ಹೀರಿಕೊಂಡಿದ್ದರೆ ಎಷ್ಟು ತೊಳೆದರೂ ಬಿಡುವುದಿಲ್ಲ. ಆ ಪಂಪು ಬೇಡ ಎಂದೆ. ಆಳು ದಿನದ ಕೆಲಸ ಹೋಯಿತೆಂದು ಬೇಜಾರು ಮಾಡಿಕೊಂಡ. ಟೀಚರ್ ಅವನಿಗೆ ಆ ದಿನದ ಕೂಲಿ ಕೊಟ್ಟು ಬುಡ ಬಿಡಿಸುವ ಕೆಲಸ ಹೇಳಿದರು.

ಬೇರೆ ಪಂಪಿಗೆ ಎರಡು ಮೂರು ಕಡೆ ಕೇಳಿಸಿದೆವು. ಸಿಕ್ಕಿದ್ದೆಲ್ಲ ಗದ್ದೆಗೆ ಹೋಗಿ ಬಂದ ಪಂಪುಗಳೇ. ಹಸ್ತ ಮಳೆ ಹತ್ತಿರವಾಗುತ್ತಿತ್ತು. ಅದಕ್ಕೆ ಮೊದಲು ಹೊಡೆಯದಿದ್ದರೆ ಈ ವರ್ಷದ ಲೆಕ್ಕವೇ ತಪ್ಪುತ್ತಿತ್ತು. ಮಾರನೆಯ ದಿನ ನಾವು ತೋಟದಲ್ಲಿ ಏನು ಮಾಡುವುದೆಂದು ನಿಂತಿದ್ದಾಗ ತಮ್ಮನ ವ್ಯಾನು ಬಂತು. ಹಿಂದಿನ ಸಂಜೆ ಅಕ್ಕ ಫೋನು ಮಾಡಿದ್ದರಂತೆ. ವ್ಯಾನಿನಿಂದ ಅಂಗಡಿಯ ಹೊಸ ಪಂಪು, ಇನ್ನೂ ಸುರುಳಿ ಬಿಚ್ಚದ ಹೋಸು ಇಳಿಸಿದರು. ನಾನು ಥ್ಯಾಂಕ್ಸ್ ಹೇಳಿದ್ದಕ್ಕೆ, “ಪಂಪ್ ಕೊಟ್ಟೆ ಅಂದ್ರೆ ಒಪ್ಕೊಂಡೆ ಅಂತಲ್ಲ ಮೇಡಂ. ಆಮೇಲೆ ಪಂಪ್ ಸರಿ ಇರ್ಲಿಲ್ಲ ಅಂತ ನೀವು ಹೇಳ್ಬಾರ್ದಲ್ಲ” ಎಂದರು. ಹಾಗೆಂದವರು ಅಂಗಿಯ ತೋಳು ಮಡಚಿ, ಜಾಯಿಂಟುಗಳನ್ನೆಲ್ಲ ತಾವೇ ಬಿಗಿದು, ಒಂದು ಹನಿಯೂ ಸೋರದಂತೆ ಮಾಡಿ ಹೋದರು.

ಎಲ್ಲ ಮರಗಳಿಗೂ ಬೋರಿನ ನೀರನ್ನು ಕೆಲವು ವಾರ ನಿಲ್ಲಿಸಿದೆವು. ಅಕ್ಟೋಬರಿನಲ್ಲಿ ಮತ್ತೆ ನೀರು, ಗೊಬ್ಬರ ಕೊಟ್ಟು, ಮೇಲಿನ ಸಾಲುಗಳಿಗೆ ಮೊಗ್ಗೊಡೆಯಲೆಂದು ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಿಸಿ ಕಾದೆವು. ಒಂದು ಬೆಳಿಗ್ಗೆ ತೋಟದ ಗೇಟು ತೆಗೆಯುವಾಗಲೇ ವಾಸನೆ ಬಡಿಯಿತು. ಮೇಲಿನ ಸಾಲುಗಳಲ್ಲಿ ಗೆಲ್ಲುಗೆಲ್ಲಿಗೂ ಮೊಗ್ಗು, ಹೂವು. ಟೀಚರ್ ಒಂದು ಮರದಡಿ ನಿಂತಿದ್ದರು. ನಾನು ಹತ್ತಿರ ಹೋದಾಗ, ಜುಲೈಯಲ್ಲಿ ನಿನ್ನ ಮೇಲೆ ತುಂಬ ಸಿಟ್ಟು ಬಂದಿತ್ತು ಕಣೇ ಎಂದು ನಕ್ಕರು. ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದವರು ಆ ದಿನದಿಂದ ಏಕವಚನಕ್ಕೆ ಬಂದರು. ಕೆಳಗಿನ ಸಾಲುಗಳಲ್ಲಿ ಮಳೆಗಾಲದ ಹೂವಿನ ಕಾಯಿಗಳು ಆಗಲೇ ದಪ್ಪವಾಗುತ್ತಿದ್ದವು. ಹೊಸ ಹೂವೂ ಸ್ವಲ್ಪ ಬಂದಿತ್ತು. ನೀರು ನಿಲ್ಲಿಸಿ ಕೊಟ್ಟದ್ದರ ಗುಣ ಅವಕ್ಕೂ ಅಷ್ಟಿಷ್ಟು ಸಿಕ್ಕಿತ್ತು.

ಕಷ್ಟ ಬಂದದ್ದು ಸಂಕ್ರಾಂತಿಯ ಸುಮಾರಿಗೆ. ಹೂ ಕಚ್ಚಿ, ಕಾಯಿ ಗೋಲಿ ಗಾತ್ರಕ್ಕೆ ಬಂದು, ಇನ್ನೇನು ಉಳಿಯಿತು ಎನ್ನುವಾಗ ಉದುರತೊಡಗಿದವು. ಮೊದಲು ಹಳದಿ ತಿರುಗಿದ ಒಂದೆರಡು, ಆಮೇಲೆ ಹಸಿರುಕಾಯಿಗಳೇ. ನೆಲದ ಮೇಲೆ ಕಾಲಿಟ್ಟಲ್ಲೆಲ್ಲ ಕಾಯಿ ಸಿಗುತ್ತಿತ್ತು. ಹೀಗೇ ಬಿಟ್ಟರೆ ಬೇಸಿಗೆಯ ಬೆಳೆ ಎಂಬುದೇ ಇರುವುದಿಲ್ಲ ಎನಿಸಿತು. ಕಾಯಿ ಕತ್ತರಿಸಿ ನೋಡಿದೆ, ಹುಳು ಇರಲಿಲ್ಲ. ಬುಡ ಅಗೆದು ನೋಡಿದೆ, ಬೇರು ಚೆನ್ನಾಗಿತ್ತು. ಆದರೆ ಒಂದು ಪಾತಿಯ ಮಣ್ಣು ಕೆಸರಾಗಿದ್ದರೆ ಇನ್ನೊಂದು ಬಿರಿದಿತ್ತು. ಕರೆಂಟು ಬಂದಾಗ ಬಂದಷ್ಟು ಹೊತ್ತು ನೀರು ಬಿಡುವುದು, ಇಲ್ಲದಿದ್ದರೆ ದಿನಗಟ್ಟಲೆ ಇಲ್ಲ. ಮರ ಅಷ್ಟು ಕಾಯಿ ಹೊತ್ತ ಹೊತ್ತಿನಲ್ಲಿ ಈ ಏರುಪೇರು ತಡೆಯುತ್ತಿರಲಿಲ್ಲ. ಪಾತಿಗಳಿಗೆ ಒಣಹುಲ್ಲು ಹಾಸಿಸಿದೆವು. ಕರೆಂಟು ಬಂದ ಸಲವೆಲ್ಲ ಪ್ರತಿ ಮರಕ್ಕೂ ಸ್ವಲ್ಪ ಸ್ವಲ್ಪವೇ ಸಿಗುವಂತೆ ಕಾಲುವೆ ತಿದ್ದಿಸಿದೆವು. ಇದು ಕೆಳಗಿನ ಸಾಲುಗಳಿಗೂ ಆಯಿತು.

ಅದರ ಜೊತೆ ಸಿಂಪಡಣೆಯೂ ಬೇಕಿತ್ತು. ನನ್ನ ಮೇಲಧಿಕಾರಿ ಟು-ಫೋರ್-ಡಿ ಕೂಡ ಕೊಡಬಹುದು ಎಂದಿದ್ದರು. ಪಕ್ಕದ ಜಮೀನಿನಲ್ಲಿ ಬದನೆ, ಹುರುಳಿಕಾಯಿ ಹಾಕಿದ್ದರು. ಗಾಳಿಗೆ ಹಾರಿದರೆ ಅವು ಮುರುಟುತ್ತವೆ. ಅದಕ್ಕೆ ನಾನು ಎನ್‌ಎಎ ಎಂಬ ಬೇರೆ ನಿಯಂತ್ರಕವನ್ನು ಆರಿಸಿಕೊಂಡೆ. ಅದರಲ್ಲೂ ಎಚ್ಚರ ಬೇಕು. ನಾಲ್ಕೂವರೆ ಲೀಟರ್ ನೀರಿಗೆ ಒಂದು ಮಿಲಿ ಹಾಕಿದರೆ ಕಾಯಿಯನ್ನು ಹಿಡಿದು ನಿಲ್ಲಿಸುತ್ತದೆ, ಕೈ ಧಾರಾಳವಾದರೆ ಅದೇ ಔಷಧಿ ಕಾಯಿ ಉದುರಿಸುತ್ತದೆ. ಟೀಚರ್ ಸಿರಿಂಜಿನಲ್ಲಿ ಅಳೆದು ಕೊಟ್ಟರು. ಮೇಲಿನ ಸಾಲುಗಳೆಲ್ಲ ಮುಗಿದವು.

ಡ್ರಮ್ಮಿನಲ್ಲಿ ಇನ್ನೂ ಔಷಧಿ ಉಳಿದಿತ್ತು. ನಾನು ತಿರುಗಿ ನೋಡಿದರೆ ಟೀಚರ್ ಇಲ್ಲ. ಕೆಳಗಿನ ಸಾಲಿನಲ್ಲಿ ಕೂತು ಬಿದ್ದ ಕಾಯಿಗಳನ್ನು ಸೆರಗಿಗೆ ಆರಿಸಿಕೊಳ್ಳುತ್ತಿದ್ದರು, ಉಪ್ಪಿನಲ್ಲಿ ಹಾಕಲು. ಅಲ್ಲಿ ಬೇಸಿಗೆಗೆಂದು ಕಚ್ಚಿದ್ದೇ ಸ್ವಲ್ಪ, ಅದೂ ಬೀಳುತ್ತಿತ್ತು. ನಾನು ಹತ್ತಿರ ಹೋದೆ. ತಲೆ ಎತ್ತದೆ, ಇವಕ್ಕೂ ಒಂದು ಸಲ ಹೊಡೆದರೆ ನಿಲ್ಲುತ್ತದೆ ಅಲ್ಲವಾ ಎಂದು ಕೇಳಿದರು. ನಿಲ್ಲುತ್ತದೆ ಎಂದೆ.

ಹೋಲಿಕೆಯ ಸಾಲುಗಳಿಗೆ ಯಾವ ಕಾರಣಕ್ಕೂ ಕೈ ಹಚ್ಚಬಾರದೆಂದು ಮೇಲಧಿಕಾರಿಯ ಕಟ್ಟಪ್ಪಣೆಯಿತ್ತು. ಆದರೆ ಬೀಳುತ್ತಿದ್ದದ್ದು ಕಚೇರಿಯ ಕಾಯಿಗಳಲ್ಲ. ಮದ್ದು ಕೈಯಲ್ಲಿಟ್ಟುಕೊಂಡು ಕೊಡದೆ ನಿಲ್ಲುವುದು ನನ್ನಿಂದ ಆಗುವುದಿಲ್ಲ ಎನಿಸಿತು.

“ನಿಮ್ಮ ಮರ ಟೀಚರ್. ನೀವು ಹೂಂ ಅಂದ್ರೆ ಈಗ್ಲೇ ಹೊಡಿಸ್ತೀನಿ. ಪ್ರಯೋಗ ಕೈಬಿಟ್ಟೆ ಅಂತ ಆಫೀಸಲ್ಲಿ ನಾನು ಹೇಳ್ಕೋತೀನಿ.”

ಅವರು ಕಾಯಿ ತುಂಬಿದ ಸೆರಗನ್ನು ಹಿಡಿದುಕೊಂಡು ಎದ್ದು ನಿಂತರು.

“ಬೇಡ ಮಾರಾಯ್ತಿ. ಎಲ್ಲ ಮರನೂ ಒಂದೇ ಥರ ಕಾಯಿ ಹಿಡಿದ್ರೆ, ಈ ವರ್ಷ ಮಳೆ ಚೆನ್ನಾಗಿ ಆಗಿತ್ತು ಅಕ್ಕ ಅಂತಾನೆ ಅವನು. ಆಗ ನಾನೇನು ತೋರಿಸ್ಲಿ? ಹೋಲಿಸೋಕೆ ಒಂದು ಇಲ್ದೇ ಇದ್ರೆ ಅದು ಪ್ರಯೋಗನೇ ಅಲ್ಲ ಅಂತ ಎಷ್ಟು ವರ್ಷ ಮಕ್ಕಳಿಗೆ ಹೇಳಿದೀನಿ.”

ಉಳಿದ ಔಷಧಿಯನ್ನು ಮೇಲಿನ ಮರಗಳಿಗೇ ತಿರುಗಿ ಹೊಡೆದರೆ ಪ್ರಮಾಣ ಹೆಚ್ಚಾಗುತ್ತದೆ. ಬೇಲಿಯ ಆಚೆ ಬೀಳು ಜಾಗದಲ್ಲಿ ಗುಂಡಿ ತೋಡಿ ಸುರಿಸಿದೆವು. ಅದು ಮಣ್ಣಿಗೆ ಇಂಗುವುದನ್ನು ನೋಡುತ್ತ ನಿಂತದ್ದು ಆ ಇಡೀ ವರ್ಷದ ಕೆಲಸದಲ್ಲಿ ನನಗೆ ಅತಿ ಕಷ್ಟದ ಹೊತ್ತು.

ಮೇಲಿನ ಸಾಲುಗಳಲ್ಲಿ ಉದುರುವುದು ಕಡಿಮೆಯಾಗುತ್ತ ಬಂದು ನಿಂತಿತು. ಔಷಧಿಯಿಂದ ಎಷ್ಟು, ಹುಲ್ಲು ಹಾಸಿ ನೀರು ಸರಿ ಮಾಡಿದ್ದರಿಂದ ಎಷ್ಟು ಎಂದು ಕೇಳಿದರೆ, ಕೆಳಗಿನ ಸಾಲುಗಳನ್ನು ನೋಡಿಯೇ ಹೇಳಬೇಕು. ಅಲ್ಲಿಯೂ ಕೊನೆಗೆ ನಿಂತಿತು, ಆದರೆ ತಡವಾಗಿ, ಉಳಿಯಲು ಹೆಚ್ಚೇನೂ ಇಲ್ಲದಾದ ಮೇಲೆ. ಮಳೆಗಾಲದ ಹೂವಿನ ಹಣ್ಣನ್ನು ಆ ಮರಗಳು ಚಳಿಯಲ್ಲಿ ಧಾರಾಳವಾಗಿಯೇ ಕೊಟ್ಟಿದ್ದವು. ಎಂದಿನಂತೆ ಕೊಳ್ಳುವವರಿರಲಿಲ್ಲ.

ಏಪ್ರಿಲ್ ಹೊತ್ತಿಗೆ ಮೇಲಿನ ಗೆಲ್ಲುಗಳು ಬಾಗಿದ್ದವು. ತಮ್ಮ ಒಂದು ಬೆಳಿಗ್ಗೆ ಶಿವಮೊಗ್ಗ ಮಾರ್ಕೆಟ್ಟಿನ ಹಣ್ಣಿನ ವ್ಯಾಪಾರಿಯೊಬ್ಬರನ್ನು ಕರೆತಂದರು. ಔಷಧಿಯ ವಿಷಯ ಅವರಿಗೆ ತಿಳಿಸಿರಲಿಲ್ಲ, ನಮಗೂ ಹೇಳಬಾರದೆಂದು ಕಣ್ಸನ್ನೆ ಮಾಡಿದರು. ತೋಟ ಸುತ್ತಿ ನೋಡಿ, ಯಾವ ಕಡೆಯದು ಬೇಕು ಹೇಳಿ ಎಂದಷ್ಟೇ ಅಂದರು. ವ್ಯಾಪಾರಿ ನಿಧಾನವಾಗಿ ಸುತ್ತಿದರು. ಗೆಲ್ಲು ಬಗ್ಗಿಸಿ ನೋಡಿದರು, ಒಂದು ಹಣ್ಣು ಕಿತ್ತು ಸಿಪ್ಪೆಗೆ ಉಗುರು ಚುಚ್ಚಿ ಮೂಸಿದರು. ನಾನೂ ಟೀಚರೂ ಪಂಪ್‌ಹೌಸಿನ ನೆರಳಿನಲ್ಲಿ ನಿಂತಿದ್ದೆವು. ಟೀಚರ್ ನನ್ನ ಮೊಣಕೈ ಹಿಡಿದುಕೊಂಡಿದ್ದರು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ.

“ಮೇಲಿನ ಮಾಲು ಪೂರಾ ನಂಗೇ ಕೊಡಿ ಸಾವ್ಕಾರ್ರೆ” ಎಂದರು ವ್ಯಾಪಾರಿ. “ಕೆಳಗೆ ಖಾಲಿ ಇದೆ. ಇದ್ದಿದ್ದು ಜೊತೇಲಿ ಹಾಕ್ಕೊಂಡು ಹೋಗ್ತೀನಿ.”

ತಮ್ಮ ಮಾತು ತಪ್ಪುವವರಾಗಿರಲಿಲ್ಲ. ಕೊಯ್ಲು ಮುಗಿದ ಮೇಲೆ ಬಂದು ಅಕ್ಕನ ಎದುರು ಕೂತರು. ನಾನೂ ಅಲ್ಲೇ ಇದ್ದೆ. ಮೇಲಿನ ತೋಟ ನಿನ್ನದು, ಇನ್ನು ಅದರ ಸುದ್ದಿಗೆ ಬರುವುದಿಲ್ಲ ಎಂದರು. ಆಮೇಲೆ, ಕೆಳಗಿನ ಮೂರು ಸಾಲು ತೆಗೆಸಿ ಅಡಿಕೆ ಹಾಕಿಕೊಳ್ಳುತ್ತೇನೆ ಎಂದರು.

ನನಗೆ ಸುಮ್ಮನಿರಲು ಆಗಲಿಲ್ಲ. ಆ ಮರಗಳಲ್ಲಿ ಏನೂ ಕೊರತೆಯಿಲ್ಲ, ಔಷಧಿ ಕೊಡದೆ ಬಿಟ್ಟದ್ದು ನಾವು, ಈ ವರ್ಷ ಕೊಟ್ಟರೆ ಅವು ಮೇಲಿನವಕ್ಕಿಂತ ಚೆನ್ನಾಗಿ ಕಾಯಿ ಹಿಡಿಯುತ್ತವೆ, ಈ ಪ್ರಯೋಗ ತೋರಿಸಿದ್ದೇ ಅದನ್ನು ಎಂದೆ.

“ಗೊತ್ತು ಮೇಡಂ. ಮರ ಕೆಟ್ಟದ್ದು ಅಂತ ನಾನೆಲ್ಲಿ ಅಂದೆ? ಮಣ್ಣು ಚೆನ್ನಾಗಿದೆ, ನೀರು ಪಕ್ಕದಲ್ಲೇ ಇದೆ. ಅಡಿಕೆಗೆ ಅದೇ ಜಾಗ. ನಂಗೂ ಒಂದು ಚೂರು ಬೇಡ್ವಾ?”

ಮೊದಲ ದಿನ ಆ ಸಾಲುಗಳನ್ನು ತೋರಿಸುವಾಗಲೇ ಇದು ಅವರ ಮನಸ್ಸಿನಲ್ಲಿತ್ತೇ ಎಂಬುದು ನನಗೆ ತಿಳಿಯದು. ಟೀಚರ್ ಮಾತ್ರ ವಾದ ಮಾಡಲಿಲ್ಲ. ಜಮೀನು ಇಬ್ಬರದೂ ಹೌದಲ್ಲ, ಆಗಲಿ ಎಂದರು. ತಮ್ಮ ಹೋದ ಮೇಲೆ ನನಗೆ ಮಜ್ಜಿಗೆ ಕೊಟ್ಟು, ಈ ಸಲದ ಜಿಬ್ಬರೆಲಿಕ್ ಪುಡಿ ಬಂದಿದೆಯೇ ಎಂದು ವಿಚಾರಿಸಿದರು.

ಜೂನ್ ತಿಂಗಳ ಒಂದು ಒಣ ಬೆಳಿಗ್ಗೆ ನಾವು ಮೇಲೆ ಸಿಂಪಡಣೆ ಶುರುಮಾಡಿದಾಗ ಕೆಳಗೆ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಮರ ಎಳೆಯುತ್ತಿದ್ದರು. ಬೇರು ಕಿತ್ತು ಬರುವ ಸದ್ದಿನ ಹಿಂದೆಯೇ ಮುರಿದ ಎಲೆಯ ಗಾಟು ವಾಸನೆ ಮೇಲಿನವರೆಗೂ ಬರುತ್ತಿತ್ತು. ಟೀಚರ್ ಆ ಕಡೆ ನೋಡದೆ ಸ್ಪಿರಿಟ್ಟಿನಲ್ಲಿ ಪುಡಿ ತಿರುವುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕೆಳಗಿನದೆಲ್ಲ ಬಯಲಾಯಿತು. ಪಂಪ್‌ಹೌಸಿನ ಗೋಡೆಗೆ ಒತ್ತಿಕೊಂಡಿದ್ದ ಒಂದೇ ಒಂದು ಮರ ಉಳಿದಿತ್ತು. ಅದರ ಬೇರು ಗೋಡೆಯ ಅಡಿಗೆ ಹೋಗಿದ್ದರಿಂದ, ಎಳೆದರೆ ಗೋಡೆ ಬಿರಿಯುತ್ತದೆಂದು ತಮ್ಮ ಅದನ್ನು ಬಿಡಲು ಹೇಳಿದ್ದರು.

ನಮ್ಮ ಕೆಲಸವೂ ಮುಗಿದಿತ್ತು. ಡ್ರಮ್ಮಿನ ತಳದಲ್ಲಿ ಸ್ವಲ್ಪ ಔಷಧಿ ಇತ್ತು. ಆಳು ಹೋಸು ಸುತ್ತತೊಡಗಿದ್ದ. ಟೀಚರ್ ಅವನನ್ನು ತಡೆದು, ಹೋಸನ್ನು ಕೆಳಗಿನವರೆಗೆ ಎಳೆದು ತರಲು ಹೇಳಿದರು. ತಾವೇ ಮುಂದಾಗಿ ಆ ಮರದ ಬಳಿ ಹೋಗಿ ನಿಂತರು.

“ಇದಕ್ಕೂ ಹೊಡಿಯಪ್ಪ” ಎಂದರು. “ಇನ್ನು ಹೋಲಿಸಿ ನೋಡೋದು ಏನೂ ಇಲ್ಲ.”

ಅವನು ಪಂಪು ತುಳಿದ. ನಾನು ನಾಜಲ್ ಹಿಡಿದು, ಕೆಳಗಿನಿಂದ ಮೇಲಕ್ಕೆ, ಎಲೆಗಳಿಂದ ಹನಿ ತೊಟ್ಟಿಕ್ಕುವವರೆಗೆ ಹೊಡೆದೆ.